ಹಡಗಿನ ಸ್ಟೋರ್‌ನಿಂದ ತೋಟದ ಪಂಪ್‌ಶೆಡ್‌ಗೆ

ಹುಟ್ಟಿದ್ದು ಸೋಮವಾರಪೇಟೆ ಹತ್ತಿರದ ಕಾಫಿ ತೋಟದಲ್ಲಿ, ದುಡಿದದ್ದು ಸರಕು ಹಡಗಿನ ಎಂಜಿನ್ ರೂಮಿನಲ್ಲಿ. ಫೋರ್ತ್ ಎಂಜಿನಿಯರ್ ಆಗಿದ್ದಾಗ ಬಿಡಿಭಾಗಗಳನ್ನು ಇಡುವ ಸ್ಪೇರ್ ಸ್ಟೋರಿನ ಲೆಕ್ಕವನ್ನು ಕಂಪ್ಯೂಟರಿಗೆ ಏರಿಸುವ ಕೆಲಸ ನನ್ನ ಪಾಲಿಗೆ ಬಂತು.

ಮೊದಲ ವಾರ ಕಂಪ್ಯೂಟರ್ ಮುಟ್ಟಲೇ ಇಲ್ಲ. ಪ್ರತಿ ಕಪಾಟು, ಪ್ರತಿ ಡಬ್ಬಿಗೆ ಒಂದೊಂದು ನಂಬರ್ ಬರೆದೆ. ಹಡಗು ಓಲಾಡುವಾಗ ಸಾಮಾನು ಜಾರದಿರಲಿ ಎಂದು ಕಪಾಟಿನ ಅಂಚಿಗೆ ಪಟ್ಟಿ ಇರುತ್ತದೆ. ಮುರಿದಿದ್ದ ಪಟ್ಟಿಗಳನ್ನು ವೆಲ್ಡ್ ಮಾಡಿಸಿದೆ. ಜಾಗ ಬಿಟ್ಟು ಹೋದ ಸಾಮಾನು ಇದ್ದೂ ಇಲ್ಲದ ಹಾಗೆ, ಅಲ್ವಾ?

ಆಮೇಲೆ ಎಣಿಕೆ. ಒಂದೇ ವಾಲ್ವಿಗೆ ಮೂವರು ಮೂರು ಹೆಸರು ಹೇಳುತ್ತಾರೆ. ಹಾಗಾಗಿ ಮ್ಯಾನ್ಯುಯಲ್‌ನಲ್ಲಿರುವ ಪಾರ್ಟ್ ನಂಬರನ್ನೇ ಹಾಕಿದೆ. ಸುತ್ತಿಗೆ, ಬ್ರಷ್‌ನಂಥ ಸಾಮಾನಿಗೆ 6 ಅಂಕಿಯ ಇಂಪಾ ಕೋಡ್ ಇದೆ. ಬೇರೆ ದೇಶದ ಬಂದರಿನಲ್ಲೂ ಹಡಗಿಗೆ ಸಾಮಾನು ಕೊಡುವವರಿಗೆ ಅದು ಗೊತ್ತಾಗುತ್ತದೆ. ಬಾರ್‌ಕೋಡ್ ಚೀಟಿಯನ್ನು ಪಾರ್ಟಿಗೇ ಅಂಟಿಸಿದ್ದು ನನ್ನ ತಪ್ಪು. ಎಣ್ಣೆ ಮೆತ್ತಿ ಸ್ಕ್ಯಾನರ್ ಓದಲಿಲ್ಲ. ಎಲ್ಲ ಕಿತ್ತು ಡಬ್ಬಿಗಳಿಗೆ ಅಂಟಿಸಿದೆ.

ರಿಪೇರಿ ಮುಗಿಯಿತು ಎಂದು ದಾಖಲಿಸಿದರೆ, ಬಳಸಿದ ಪಾರ್ಟ್ ಸ್ಟಾಕಿನಿಂದ ತಾನಾಗೇ ಕಳೆಯುತ್ತಿತ್ತು. ತೀರಾ ಕಡಿಮೆಯಾದರೆ ತರಿಸಬೇಕಾದ ಪಟ್ಟಿಗೆ ಸೇರುತ್ತಿತ್ತು. ಆದರೂ ಒಂದು ರಾತ್ರಿ ಎಂಜಿನ್ನಿಗೆ ಇಂಧನ ಸಿಂಪಡಿಸುವ ಇಂಜೆಕ್ಟರ್ ನಾಜಲ್ ಬೇಕಾಯಿತು. ಕಂಪ್ಯೂಟರಿನಲ್ಲಿ ನಾಲ್ಕು, ಡಬ್ಬಿಯಲ್ಲಿ ಒಂದೇ. ಯಾರೋ ಅವಸರದಲ್ಲಿ ಸ್ಕ್ಯಾನ್ ಮಾಡದೆ ಒಯ್ದಿದ್ದರು. ಸುತ್ತಲೂ ಬರೀ ನೀರು, ಯಾವ ಅಂಗಡಿಗೆ ಹೋಗುವುದು? ಮರುದಿನವೇ ಸ್ಟೋರ್ ಬಾಗಿಲಿಗೆ ನೋಟ್‌ಬುಕ್ಕು, ಪೆನ್ನು ಕಟ್ಟಿದೆ. ಕೈಯೆಲ್ಲ ಎಣ್ಣೆಯಾದವನು ಸ್ಕ್ಯಾನರ್ ಹುಡುಕುತ್ತಾ ಕೂರುವುದಿಲ್ಲ, ಎರಡು ಸಾಲು ಗೀಚುತ್ತಾನೆ. ಬೆಳಿಗ್ಗೆ ಅದನ್ನು ನಾನು ಕಂಪ್ಯೂಟರಿಗೆ ಹಾಕುತ್ತಿದ್ದೆ. ವಾರಕ್ಕೊಂದು ಕಪಾಟು ಎಣಿಸಿ ತಾಳೆ ನೋಡುತ್ತಿದ್ದೆ. ಆಮೇಲೆ ಲೆಕ್ಕ ತಪ್ಪಿದ್ದು ಬಹಳ ಕಡಿಮೆ.

ಈಗ ಊರಿನಲ್ಲಿದ್ದೇನೆ. ಕಾಫಿ ಹೂವನ್ನು ಅರಳಿಸುವ ಹೂಮಳೆ ಬಾರದಿದ್ದರೆ ಫೆಬ್ರವರಿ, ಮಾರ್ಚಿನಲ್ಲಿ ರೊಬಸ್ಟಾ ಕಾಫಿಗೆ ಸ್ಪ್ರಿಂಕ್ಲರ್ ಹಾಕಲೇಬೇಕು. ಆಗ ನೀರು ಸೋರದಂತೆ ತಡೆಯುವ ಪಂಪಿನ ಸೀಲ್ ಹೋಗಿ, ಅದನ್ನು ಹುಡುಕಿಕೊಂಡು ಮೈಸೂರಿಗೆ ಓಡಿದರೆ ಇಲ್ಲಿ ಮೊಗ್ಗು ಒಣಗುತ್ತದೆ. ಅದಕ್ಕೇ ಪಂಪ್‌ಶೆಡ್ಡಿನಲ್ಲೂ ಅದೇ ಕ್ರಮ ತಂದೆ: ಡಬ್ಬಿಗೆ ನಂಬರ್, ಬಾಗಿಲಿಗೆ ನೋಟ್‌ಬುಕ್ಕು. ನಮ್ಮ ಮಳೆಗಾಲದ ತೇವ ಸಮುದ್ರದ ಉಪ್ಪುಗಾಳಿಗೇನೂ ಕಡಿಮೆಯಿಲ್ಲ. ಬೇರಿಂಗ್‌ಗಳಿಗೆ ಗ್ರೀಸ್ ಹಚ್ಚಿ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಇಡುತ್ತೇನೆ.

ಹೋದ ಮಾರ್ಚಿನಲ್ಲಿ ರಾತ್ರಿ ಹನ್ನೊಂದಕ್ಕೆ ಸೀಲ್ ಹೋಯಿತು. ನಾನು ಶೆಡ್ ಮುಟ್ಟುವಷ್ಟರಲ್ಲಿ ತೋಟದ ಲೆಕ್ಕ ನೋಡಿಕೊಳ್ಳುವ ನಮ್ಮ ರೈಟರ್ ಹೊಸದನ್ನು ಹಾಕಿಸಿ, ನೋಟ್‌ಬುಕ್ಕಿನಲ್ಲಿ ಬರೆದೂ ಆಗಿತ್ತು. “ಸರ್, ಸೀಲ್ ಇನ್ನೊಂದೇ ಇರೋದು. ನಾಳೆ ತರಿಸಿಬಿಡಿ” ಎಂದರು.