ಅಡ್ರೆಸ್ ಬ್ಯಾರೆ ಊರಿಂದು ಅಂತ ಸರಕಾರಿ ದವಾಖಾನಿಯಿಂದ ಹೊಳ್ಳಿ ಬರಬ್ಯಾಡ್ರಿ

ನಮ್ಮ ಅಕ್ಕನ ಗಂಡನ ಮನಿ ಜಹೀರಾಬಾದ್, ಹೆರಿಗಿಗೆ ತವರಿಗೆ ಅಂತ ಬೀದರಕ್ಕ ಬಂದಿದ್ಳು. ಬ್ಯಾನಿ ಶುರು ಆದ ಮ್ಯಾಲೆ ಒಂದು ಸರಕಾರಿ ದವಾಖಾನಿಗೆ ಕರ್ಕೊಂಡು ಹೋದ್ರ ಚೀಟಿ ಮಾಡೋರು ಆಧಾರ್ ನೋಡಿ "ತೆಲಂಗಾಣದ್ದು ಅದ, ಅಲ್ಲೇ ಹೋಗ್ರಿ" ಅಂದ್ರು, ನಮಗ ಏನು ಮಾತಾಡಬೇಕು ತಿಳೀಲಿಲ್ಲ, ಆಟೋ ಮಾಡ್ಕೊಂಡು ಪ್ರೈವೇಟಿಗೆ ಹೋಗಿ ಸಾಲ ಮಾಡಿದ್ವಿ. ಅವತ್ತು ಗೊತ್ತಿದ್ರ ಹೊಳ್ಳಿ ಬರ್ತಿರಲಿಲ್ಲ, ಅದಕ್ಕ ಬರೀಲತ್ತೀನಿ.

ಜೀವಕ್ಕ ಕುತ್ತು ಇದ್ರ ಮೊದ್ಲು ಚೀಟಿ ಸಾಲಿನ್ಯಾಗ ನಿಂದರಬ್ಯಾಡ್ರಿ, ಸೀದಾ ಕ್ಯಾಜುವಲ್ಟಿಗೆ ಹೋಗ್ರಿ, ಆಧಾರ್ ಆಮ್ಯಾಲೆ ತಂದ್ರ ನಡೀತದ. 1996ರಾಗ ಸುಪ್ರೀಂ ಕೋರ್ಟ್ ಹೇಳ್ಯಾದ, ತುರ್ತು ಚಿಕಿತ್ಸೆ ಕೊಡದಿದ್ರ ಅದು ಸಂವಿಧಾನದ 21ನೇ ವಿಧಿಯ ಜೀವಿಸೋ ಹಕ್ಕು ಕಸ್ಕೊಂಡಂಗ ಅಂತ. ಪಶ್ಚಿಮ ಬಂಗಾಳದಾಗ ರೈಲಿನಿಂದ ಬಿದ್ದ ಒಬ್ಬ ಕೂಲಿಯವನಿಗೆ ಒಂದಾದ ಮ್ಯಾಲೆ ಒಂದು ಸರಕಾರಿ ದವಾಖಾನಿ ಬೆಡ್ ಇಲ್ಲ ಅಂದಿದ್ವು, ಅವನಿಗೆ ಕೋರ್ಟ್ 25,000 ರೂಪಾಯಿ ಪರಿಹಾರ ಕೊಡಿಸ್ತು. 2018ರಾಗ ದಿಲ್ಲಿಯ ಜಿಟಿಬಿ ಆಸ್ಪತ್ರೆ ದಿಲ್ಲಿಯವರಿಗೇ ಮೊದ್ಲು ಅಂತ ಮಾಡಿದ ರೂಲನ್ನೂ ಅಲ್ಲಿನ ಹೈಕೋರ್ಟ್ ರದ್ದು ಮಾಡ್ತು.

ಬಸುರಿ ಹೆಣ್ಮಗಳಿದ್ರ ತಾಯಿ ಕಾರ್ಡ್ ಯಾವ ಊರಿಂದೇ ಇರ್ಲಿ ಕೈಯಾಗ ಹಿಡ್ಕೋರಿ, ಹಿಂದಿನ ಸ್ಕ್ಯಾನಿಂಗ್, ರಕ್ತದ ರಿಪೋರ್ಟ್ ಅದರ ಜೋಡಿನೇ ಇರ್ಲಿ. 2011ರಿಂದ ಇರೋ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಾಗ ಸರಕಾರಿ ದವಾಖಾನಿಯಾಗ ಹೆರಿಗಿ, ಸಿಜೇರಿಯನ್, ಔಷಧಿ, ರಕ್ತ, ಊಟ ಎಲ್ಲಾ ಫ್ರೀ. ಹೆಣ್ಮಕ್ಕಳು ಹೆರಿಗಿಗೆ ತವರಿಗೆ ಬರೋದು ನಮ್ಮ ಕಡಿ ಪದ್ಧತಿನೇ ಅದ, ಅದಕ್ಕ ಅಡ್ರೆಸ್ ಕೇಳಿ ಕಳಿಸೋದು ಎಲ್ಲಿ ನ್ಯಾಯ ಹೇಳ್ರಿ.

ಚೀಟಿ ಮಾಡೋರು ಊರು ಕೇಳೋದು ರಿಜಿಸ್ಟರಿಗೆ ಬರ್ಕೊಳ್ಳಾಕ, ಇದ್ದದ್ದೇ ಹೇಳ್ರಿ, ಸುಳ್ಳು ಅಡ್ರೆಸ್ ಕೊಟ್ರ ಮುಂದ ಕಾರ್ಡಿಗೂ ಚೀಟಿಗೂ ತಾಳ ಆಗಂಗಿಲ್ಲ. ಆದ್ರೂ ಆಗಂಗಿಲ್ಲ ಅಂದ್ರ ಜಗಳಾಡಬ್ಯಾಡ್ರಿ, "ಯಾಕ ಆಗಂಗಿಲ್ಲ ಅಂತ ಬರದು ಕೊಡ್ರಿ" ಅಂತ ಮೆತ್ತಗ ಕೇಳ್ರಿ, ಡ್ಯೂಟಿ ಡಾಕ್ಟರ್ ಹತ್ರ ಹೋಗ್ರಿ, ಅಲ್ಲೂ ಆಗದಿದ್ರ ಕಲಬುರಗಿಯ ಜಿಮ್ಸ್, ಬೀದರಿನ ಬ್ರಿಮ್ಸ್, ಯಾದಗಿರಿಯ ಯಿಮ್ಸ್‌ನಂಥ ದೊಡ್ಡ ಸರಕಾರಿ ದವಾಖಾನಿಯಾಗ ಸೂಪರಿಂಟೆಂಡೆಂಟ್ ಇರ್ತಾರ, ಸಣ್ಣ ದವಾಖಾನಿ ಆದ್ರ ಡಿಎಚ್‌ಓ (ಜಿಲ್ಲಾ ಆರೋಗ್ಯ ಅಧಿಕಾರಿ) ಆಫೀಸಿಗೆ ಅರ್ಜಿ ಕೊಡ್ರಿ. ಆರೋಗ್ಯ ಸಹಾಯವಾಣಿ 104ಕ್ಕೂ ಫೋನ್ ಹಚ್ಚಿ ಹೇಳಬಹುದು.

ದುಡ್ಡಿನ ಮಾತು ಬಂದ್ರ ಆರೋಗ್ಯ ಮಿತ್ರ (ದವಾಖಾನಿಯಾಗ ಆಯುಷ್ಮಾನ್ ಯೋಜನೆಯ ಕೆಲಸ ನೋಡೋರು) ಎಲ್ಲಿ ಕುಂದರ್ತಾರ ಅಂತ ಕೇಳ್ಕೊಂಡು ಹೋಗಿ ಆಯುಷ್ಮಾನ್ ಕಾರ್ಡ್ ತೋರಸ್ರಿ. ಕರ್ನಾಟಕದ ಬಿಪಿಎಲ್ ಕುಟುಂಬಕ್ಕ ವರ್ಷಕ್ಕ 5 ಲಕ್ಷದ ತನಕ ಫ್ರೀ ಚಿಕಿತ್ಸೆ ಅದ, ಎಪಿಎಲ್‌ನವರಿಗೆ ಪ್ಯಾಕೇಜಿನ (ಆ ಚಿಕಿತ್ಸೆಗೆ ಸರಕಾರ ಗೊತ್ತು ಮಾಡಿದ ರೇಟಿನ) 30 ಪರ್ಸೆಂಟ್ ಅಷ್ಟೇ ಸರಕಾರ ಕೊಡ್ತದ. ಎಮರ್ಜೆನ್ಸಿ ಅಲ್ಲದಿದ್ರ ಪ್ರೈವೇಟಿಗೆ ಹೋಗೋ ಮೊದ್ಲು ಸರಕಾರಿ ದವಾಖಾನಿಯ ರೆಫರ್ ಚೀಟಿ ಬೇಕು, ಬಾಯಿಮಾತಿಲೆ ಹೇಳಿ ಕಳಿಸಿದ್ರ ಒಪ್ಪಬ್ಯಾಡ್ರಿ. ಹೈದರಾಬಾದಿಗೋ ಸೊಲ್ಲಾಪುರಕ್ಕೋ ಹೋಗೋರು ಆಯುಷ್ಮಾನ್ ಸಹಾಯವಾಣಿ 14555ಕ್ಕ ಫೋನ್ ಮಾಡಿ ಆ ದವಾಖಾನಿ ಯೋಜನೆಯ ಲಿಸ್ಟಿನ್ಯಾಗ ಅದನೋ ಇಲ್ಲೋ ಕೇಳ್ಕೊಂಡೇ ಬಸ್ ಹತ್ರಿ.