ರೇಂಜ್ ಸಿಗದ ಊರಿನಲ್ಲಿ ಇಂಟರ್ನೆಟ್ ಗೀಳಿನ ಪ್ರಶ್ನಾವಳಿ

ಜುಲೈ ತಿಂಗಳ ಒಂದು ಮಧ್ಯಾಹ್ನ, ನಾನೇ ಬರೆದ ಪ್ರಶ್ನಾವಳಿಯನ್ನು ಒಂಬತ್ತನೇ ತರಗತಿಯ ಮಕ್ಕಳ ಕೈಗೆ ಕೊಟ್ಟಿದ್ದೆ. ಐದನೇ ಪ್ರಶ್ನೆ: ‘ಇಂಟರ್ನೆಟ್ ಸಿಗದಿದ್ದರೆ ಚಡಪಡಿಕೆ ಆಗುತ್ತದೆಯೇ?’ ಹೆಚ್ಚಿನವರು ‘ಯಾವಾಗಲೂ’ ಎಂದು ಗುರುತು ಹಾಕಿದ್ದರು. ಇಡೀ ತರಗತಿಗೇ ಗೀಳು ಹಿಡಿದಿದೆಯೇ ಎಂದು ಗಾಬರಿಯಾಯಿತು. ಒಬ್ಬ ಹುಡುಗ ಹಾಳೆಯ ಅಂಚಿನಲ್ಲಿ ಪೆನ್ಸಿಲ್‌ನಿಂದ ಬರೆದಿದ್ದ: ‘ಸರ್, ನಾಲ್ಕು ದಿನದಿಂದ ಕರೆಂಟಿಲ್ಲ, ಟವರೂ ಆಫ್. ಅಪ್ಪ ದುಬೈಯಲ್ಲಿದ್ದಾರೆ.’

ತಪ್ಪಿದ್ದದ್ದು ಪ್ರಶ್ನೆಯಲ್ಲಿ. ಕೊಡಗಿನಲ್ಲಿ ಹೋಮ್‌ವರ್ಕ್ ಕಳಿಸಲು ತೋಟದ ದಿಬ್ಬ ಹತ್ತಿ ಗಂಟೆಗಟ್ಟಲೆ ನಿಲ್ಲುವ ಮಕ್ಕಳಿದ್ದಾರೆ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದದ್ದನ್ನು ಕಂಡ ಮನೆಗಳಲ್ಲಿ ಮಳೆಗಾಲದ ಫೋನ್ ಎಂದರೆ ಎಚ್ಚರಿಕೆಯ ಗಂಟೆ. ಇಂಟರ್ನೆಟ್ ಬೇಕಾಗಿರುವುದು ಬೇರೆ, ಇಂಟರ್ನೆಟ್ ನಮ್ಮನ್ನು ಹಿಡಿದಿಟ್ಟುಕೊಂಡಿರುವುದು ಬೇರೆ. ಎರಡನ್ನೂ ಬೇರ್ಪಡಿಸಲಾಗದ ಪ್ರಶ್ನಾವಳಿ ನಮ್ಮ ಶಾಲೆಗಳಿಗೆ ಉಪಯೋಗಕ್ಕೆ ಬರುವುದಿಲ್ಲ. ಬೇರ್ಪಡಿಸಬಲ್ಲದ್ದನ್ನು ನೀವೇ ಬರೆಯುವುದು ಹೇಗೆ ಎಂದು ಮುಂದೆ ಹೇಳುತ್ತೇನೆ.

ಮೊದಲು: ಏನನ್ನು ಅಳೆಯುತ್ತೀರಿ?

ಅಮೆರಿಕದ ಮನಶ್ಶಾಸ್ತ್ರಜ್ಞೆ ಕಿಂಬರ್ಲಿ ಯಂಗ್ 1996ರಲ್ಲಿ ಜೂಜಿನ ಗೀಳಿನ ಲಕ್ಷಣಗಳನ್ನೇ ತಿದ್ದಿ 8 ಪ್ರಶ್ನೆ ಮಾಡಿದರು. 5ಕ್ಕೆ ‘ಹೌದು’ ಬಂದರೆ ಗೀಳು ಎಂದು ಲೆಕ್ಕ. ಅವರದೇ 20 ಪ್ರಶ್ನೆಗಳ ಪರೀಕ್ಷೆ ಆಮೇಲೆ ಬಂತು. ಬ್ರಿಟನ್ನಿನ ಮನಶ್ಶಾಸ್ತ್ರಜ್ಞ ಮಾರ್ಕ್ ಗ್ರಿಫಿತ್ಸ್ ಯಾವುದೇ ಗೀಳಿಗೆ 6 ಲಕ್ಷಣ ಹೇಳುತ್ತಾರೆ: ಮನಸ್ಸೆಲ್ಲ ಅದರಲ್ಲೇ ಇರುವುದು, ಬೇಸರ ಕಳೆಯಲು ಅದನ್ನೇ ಹಿಡಿಯುವುದು, ಬರಬರುತ್ತಾ ಮೊದಲಿನಷ್ಟು ಸಾಲದಾಗುವುದು, ಬಿಟ್ಟರೆ ಕಿರಿಕಿರಿ, ಮನೆ-ಓದು-ಗೆಳೆತನದಲ್ಲಿ ತಿಕ್ಕಾಟ, ಬಿಟ್ಟೆ ಎಂದುಕೊಂಡವರು ಮತ್ತೆ ಅದಕ್ಕೇ ಮರಳುವುದು. ಹೊಸಬರಿಗೆ ಈ ಆರೇ ಸಾಕು. ಒಂದೊಂದಕ್ಕೆ ಮೂರು ನಾಲ್ಕು ಪ್ರಶ್ನೆ ಬರೆದುಕೊಳ್ಳಿ, ಕೊನೆಗೆ ಅರ್ಧದಷ್ಟು ಉಳಿದೀತು.

ಇಲ್ಲೊಂದು ಎಚ್ಚರಿಕೆ. ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿಯಲ್ಲಿ (2022ರಿಂದ ಜಾರಿಯಲ್ಲಿರುವ 11ನೇ ಆವೃತ್ತಿ) ಗೇಮಿಂಗ್ ಗೀಳಿಗೆ ಜಾಗವಿದೆ, ಒಟ್ಟು ಇಂಟರ್ನೆಟ್ ಗೀಳಿಗೆ ಪ್ರತ್ಯೇಕ ಹೆಸರಿಲ್ಲ. ಹಾಗಾಗಿ ನೀವು ಮಾಡುತ್ತಿರುವುದು ಜರಡಿ ಮಾತ್ರ. ಕಾಫಿ ಬೀಜದ ಗಾತ್ರವನ್ನು ಜರಡಿ ಹೇಳುತ್ತದೆ, ರುಚಿಯನ್ನು ಕುಡಿದು ನೋಡಿದವರೇ ಹೇಳಬೇಕು. ಕಾಯಿಲೆ ಹೌದೋ ಅಲ್ಲವೋ ಎನ್ನುವುದು ಮನೋವೈದ್ಯರ ಕೆಲಸ.

ಪ್ರಶ್ನೆ ಬರೆಯುವುದು

ಹೆಚ್ಚು ಹೊತ್ತು ಹಿಡಿಯುವುದು ಇದೇ. ‘ದಿನಕ್ಕೆ ಎಷ್ಟು ಗಂಟೆ ಫೋನ್ ನೋಡುತ್ತೀಯ?’ ಎಂದು ಕೇಳಿ ಅಂಕ ಕೊಡಬೇಡಿ. ರೇಂಜ್ ಅರ್ಧ ಗಂಟೆ ಮಾತ್ರ ಸಿಗುವ ಮನೆಯ ಹುಡುಗ ಆ ಅರ್ಧ ಗಂಟೆಗಾಗಿ ಊಟ ಬಿಡಬಹುದು. ಮಡಿಕೇರಿಯಲ್ಲಿ ವೈಫೈ ಇರುವ ಹುಡುಗಿ ಮೂರು ಗಂಟೆ ಪಾಠ ಕೇಳಿ ಆರಾಮವಾಗಿ ಮಲಗಬಹುದು.

‘ಮನೆಯವರು ಬೈಯುತ್ತಾರೆಯೇ?’ ಎಂಬುದೂ ಬೇಡ. ಅದು ಅಮ್ಮನ ಸಿಟ್ಟನ್ನು ಅಳೆಯುತ್ತದೆ. ‘ಫೋನ್ ನೋಡುತ್ತಾ ಕೂತು ಬೆಳಗಿನ ಬಸ್ ತಪ್ಪಿಸಿಕೊಂಡದ್ದು ಎಷ್ಟು ಸಲ?’ ಎಂದು ಕೇಳಿ. ದಿನಕ್ಕೆ ಎರಡೇ ಬಸ್ ಬರುವ ಊರಿನಲ್ಲಿ ಈ ಪ್ರಶ್ನೆಗೆ ಸುಳ್ಳು ಹೇಳುವುದು ಕಷ್ಟ. ‘ನಿದ್ದೆ ಮತ್ತು ಓದು ಹಾಳಾಗಿದೆಯೇ?’ ಎಂದು ಎರಡನ್ನು ಒಂದೇ ದಾರದಲ್ಲಿ ಕಟ್ಟಬೇಡಿ. ನಿದ್ದೆ ಕೆಟ್ಟು ಓದು ಚೆನ್ನಾಗಿರುವ ಮಗು ಯಾವ ಖಾನೆಗೆ ಗುರುತು ಹಾಕಬೇಕು?

ನನ್ನ ಐದನೇ ಪ್ರಶ್ನೆ ಈಗ ಹೀಗಿದೆ: ‘ಕರೆಂಟೂ ರೇಂಜೂ ಇದ್ದ ದಿನ, ಸಾಕು ಎಂದು ಫೋನ್ ಕೆಳಗಿಟ್ಟ ಮೇಲೂ ಕೂತಲ್ಲಿ ಕೂರಲಾಗದೆ ಮತ್ತೆ ಎತ್ತಿಕೊಂಡದ್ದು ಎಷ್ಟು ಸಲ?’ ಉದ್ದವಾಯಿತು, ನಿಜ. ಮಕ್ಕಳಿಗೆ ಅರ್ಥವಾಯಿತು.

ಉತ್ತರದ ಖಾನೆಗಳಲ್ಲಿ ‘ಆಗಾಗ’, ‘ಅಪರೂಪಕ್ಕೆ’ ಬೇಡ. ಒಬ್ಬರ ಆಗಾಗ ಇನ್ನೊಬ್ಬರಿಗೆ ಅಪರೂಪ. ‘ಕಳೆದ ಒಂದು ತಿಂಗಳಲ್ಲಿ’ ಎಂದು ಗಡಿ ಹಾಕಿ, ಒಂದು ಸಲವೂ ಇಲ್ಲ, ಒಂದೆರಡು ಸಲ, ವಾರಕ್ಕೊಮ್ಮೆ, ವಾರದಲ್ಲಿ ಮೂರ್ನಾಲ್ಕು ದಿನ, ದಿನವೂ ಎಂದು ಐದು ಖಾನೆ ಕೊಡಿ. 0ಯಿಂದ 4ರವರೆಗೆ ಅಂಕ.

ಹಾಳೆಯ ತಲೆಯಲ್ಲಿ ಅಂಕವಿಲ್ಲದ ಮೂರು ಪ್ರಶ್ನೆ ಇರಲಿ: ಫೋನ್ ನಿನ್ನದೇ, ಮನೆಯವರೆಲ್ಲರದ್ದೇ? ಮನೆಯೊಳಗೆ ರೇಂಜ್ ಸಿಗುತ್ತದೆಯೇ? ಈ ತಿಂಗಳು ಎಷ್ಟು ದಿನ ಕರೆಂಟ್ ಇರಲಿಲ್ಲ? ತೋಟದ ಕಾರ್ಮಿಕರ ಲೈನ್ ಮನೆಯಲ್ಲಿ ಒಂದೇ ಫೋನನ್ನು ಮೂವರು ಹಂಚಿಕೊಳ್ಳುವ ಮಗುವಿನ ಅಂಕವನ್ನು ಇವಿಲ್ಲದೆ ಓದಲಾಗದು.

ಬಾಯಿಬಿಟ್ಟು ಓದಿಸಿ

ಐದಾರು ಮಕ್ಕಳನ್ನು ಒಬ್ಬೊಬ್ಬರಾಗಿ ಕೂರಿಸಿ, ಪ್ರಶ್ನೆಯನ್ನು ಗಟ್ಟಿಯಾಗಿ ಓದಿಸಿ, ‘ನಿನಗೆ ಏನು ಅರ್ಥವಾಯಿತು?’ ಎಂದು ಕೇಳಿ. ನಮ್ಮ ಒಂದು ತರಗತಿಯಲ್ಲೇ ಕೊಡವ ತಕ್ಕ್, ಅರೆಭಾಷೆ, ಮಲಯಾಳ, ತುಳು ಮನೆಮಾತಿನವರು ಇರುತ್ತಾರೆ. ‘ಚಡಪಡಿಕೆ’ ಹಲವರಿಗೆ ಗೊತ್ತಿರಲಿಲ್ಲ, ‘ವ್ಯಸನ’ವಂತೂ ಯಾರಿಗೂ ಗೊತ್ತಿರಲಿಲ್ಲ. ಶೀರ್ಷಿಕೆಯಲ್ಲಿ ‘ಚಟ’ ಎಂದು ಬರೆದರೆ ಮಕ್ಕಳು ಮೊದಲೇ ಹುಷಾರಾಗಿ ಎಲ್ಲಕ್ಕೂ ‘ಇಲ್ಲ’ ಎನ್ನುತ್ತಾರೆ. ನಾನು ‘ಫೋನ್ ಮತ್ತು ನನ್ನ ದಿನಚರಿ’ ಎಂದಿಟ್ಟೆ.

ಪ್ರಯೋಗ, ಲೆಕ್ಕ, ಗಡಿ ಅಂಕ

ನಲವತ್ತು ಐವತ್ತು ಮಕ್ಕಳಿಂದ ತುಂಬಿಸಿ, ಅಂಕಗಳನ್ನು ಕಂಪ್ಯೂಟರ್ ಹಾಳೆಯಲ್ಲಿ ಹಾಕಿ. ಪ್ರಶ್ನೆಗಳು ಒಂದೇ ದಿಕ್ಕಿಗೆ ಎಳೆಯುತ್ತಿವೆಯೇ ಎಂದು ತಿಳಿಯಲು ಕ್ರಾನ್‌ಬಾಕ್ ಆಲ್ಫಾ ಎಂಬ ಲೆಕ್ಕವಿದೆ, 0.7 ದಾಟಿದರೆ ಪರವಾಗಿಲ್ಲ, 0.95 ದಾಟಿದರೆ ಒಂದೇ ಮಾತನ್ನು ಹತ್ತು ಥರ ಕೇಳಿದ್ದೀರಿ ಎಂಬ ಅನುಮಾನ. ಒಟ್ಟು ಅಂಕಕ್ಕೂ ತನಗೂ ಸಂಬಂಧವಿಲ್ಲದಂತೆ ಇರುವ ಪ್ರಶ್ನೆಯನ್ನು ಕಿತ್ತುಹಾಕಿ. ಎರಡು ವಾರ ಬಿಟ್ಟು ಅದೇ ಮಕ್ಕಳಿಗೆ ಮತ್ತೆ ಕೊಟ್ಟು ಅಂಕ ಹತ್ತಿರ ಹತ್ತಿರ ಬರುತ್ತದೆಯೇ ನೋಡಿ. ಮಳೆಗಾಲದಲ್ಲಿ ಬೇಡ. ನಾನು ಚಳಿಗಾಲದ ಹುತ್ತರಿ ಹಬ್ಬ ಕಳೆದ ಮೇಲೆ ಕೊಡುತ್ತೇನೆ.

ಎಷ್ಟು ಅಂಕಕ್ಕೆ ‘ಗಮನಿಸಬೇಕು’ ಎನ್ನುವುದು? ಹೊರಗಿನ ಪ್ರಶ್ನಾವಳಿಯ ಗಡಿಯನ್ನು ಎರವಲು ತರಬೇಡಿ. ಆಪ್ತಸಮಾಲೋಚಕರು ಅಂಕ ನೋಡದೆ ಕೆಲವು ಮಕ್ಕಳನ್ನು ಮಾತಾಡಿಸಲಿ. ಅವರ ಅಭಿಪ್ರಾಯಕ್ಕೆ ಯಾವ ಅಂಕ ಹೆಚ್ಚು ಹೊಂದುತ್ತದೋ ಅದನ್ನು ಗಡಿ ಮಾಡಿ. ಗಡಿ ತಗ್ಗಿಸಿದರೆ ಸುಮ್ಮನಿದ್ದ ಮಗುವಿಗೂ ಹಣೆಪಟ್ಟಿ, ಏರಿಸಿದರೆ ನಿಜವಾಗಿ ನರಳುವ ಮಗು ಕೈತಪ್ಪುತ್ತದೆ. ಶಾಲೆಯಲ್ಲಿ ನಾನು ಸ್ವಲ್ಪ ತಗ್ಗಿಸುತ್ತೇನೆ. ಆಮೇಲೆ ಆಗುವುದು ಒಂದು ಮಾತುಕತೆ ಅಷ್ಟೆ.

ಕೊಡುವ ಮುನ್ನ ಪೋಷಕರ ಒಪ್ಪಿಗೆ ಪತ್ರ ಬೇಕು. ಹಾಳೆಯಲ್ಲಿ ಹೆಸರಿನ ಬದಲು ಸಂಖ್ಯೆ ಇರಲಿ, ಹೆಸರಿನ ಪಟ್ಟಿ ಒಬ್ಬರ ಬೀರುವಿನಲ್ಲಿರಲಿ, ಸ್ಟಾಫ್ ರೂಮಿನಲ್ಲಿ ಅಂಕ ಓದಬೇಡಿ. ಹೆಚ್ಚು ಅಂಕ ಬಂದವರನ್ನು ಜಿಲ್ಲಾ ಆಸ್ಪತ್ರೆಯ ಮನೋವೈದ್ಯರ ಬಳಿ ಕಳಿಸಬಹುದು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಉಚಿತವಾಗಿ ಕರೆ ಮಾಡಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದ ಇದಕ್ಕೆಂದೇ ‘ಶಟ್’ ಕ್ಲಿನಿಕ್ ಇದೆ.

ಇನ್ನೊಂದು, ಹಾಳೆಯ ಬಲ ಅಂಚಿನಲ್ಲಿ ಎರಡು ಬೆರಳಷ್ಟು ಜಾಗ ಖಾಲಿ ಬಿಡಿ. ಪೆನ್ಸಿಲ್ ಇಟ್ಟುಕೊಂಡ ಹುಡುಗ ಪ್ರತಿ ತರಗತಿಯಲ್ಲೂ ಒಬ್ಬ ಇರುತ್ತಾನೆ.