ಲಿನಕ್ಸ್ ಕಾಣುತ್ತಿಲ್ಲವೇ? ಫಾರ್ಮ್ಯಾಟ್ ಮಾಡಿಸಬೇಡಿ

ಮಾಟುಂಗಾದ ನಮ್ಮ ಕಟ್ಟಡದಲ್ಲಿ ಲ್ಯಾಪ್‌ಟಾಪ್ ಮುನಿಸಿಕೊಂಡರೆ ನನ್ನ ಮನೆ ಬೆಲ್ ಹೊಡೆಯುವುದು ವಾಡಿಕೆ. ಎರಡನೇ ಮಹಡಿಯ ಹುಡುಗ ಮಾತ್ರ ತಡವಾಗಿ ಬಂದ. ವಿಂಡೋಸ್, ಉಬುಂಟು (ಲಿನಕ್ಸಿನ ಒಂದು ಬಗೆ) ಎರಡೂ ಇದ್ದ ಯಂತ್ರ ಒಂದು ಬೆಳಿಗ್ಗೆ ಆಯ್ಕೆ ಕೇಳದೆ ನೇರ ವಿಂಡೋಸಿಗೆ ಹೋಯಿತಂತೆ. ಲ್ಯಾಮಿಂಗ್ಟನ್ ರೋಡಿನ ಕಂಪ್ಯೂಟರ್ ಅಂಗಡಿಗೆ ಹೊತ್ತೊಯ್ದ. ಅಂಗಡಿಯವ ಪೂರಾ ಫಾರ್ಮ್ಯಾಟ್ ಹೊಡೆದು ಕೊಟ್ಟ. ಕಾಲೇಜಿನ ಪ್ರಾಜೆಕ್ಟ್ ಹೋಯಿತು.

"ಅಂಕಲ್, ಲಿನಕ್ಸೇ ಅಳಿಸಿಹೋಗಿತ್ತಂತೆ" ಎಂದ. ಇಲ್ಲ ಮಾರಾಯ, ಲಿನಕ್ಸ್ ಡಿಸ್ಕಿನಲ್ಲೇ ಕ್ಷೇಮವಾಗಿದ್ದಿರಬೇಕು. ಅದನ್ನು ಎಬ್ಬಿಸುವ ಗ್ರಬ್ ಎಂಬ ಪುಟ್ಟ ಪ್ರೋಗ್ರಾಮ್ ಸರದಿಯಲ್ಲಿ ವಿಂಡೋಸಿನ ಹಿಂದೆ ಬಿದ್ದಿರುತ್ತದೆ, ಅಷ್ಟೆ.

ಆದ್ದರಿಂದ ಮೊದಲ ಕೆಲಸ: ಆನ್ ಮಾಡುವಾಗ ಎಫ್2 ಅಥವಾ ಡಿಲೀಟ್ ಒತ್ತಿ ಸೆಟಪ್ಪಿಗೆ ಹೋಗಿ, ಬೂಟ್ ಆರ್ಡರ್ (ಯಾವುದು ಮೊದಲು ಏಳಬೇಕೆಂಬ ಸರದಿ) ನೋಡಿ. ಉಬುಂಟು ಹೆಸರು ಇದ್ದರೆ ಮೇಲಕ್ಕೆ ತನ್ನಿ. ಎಷ್ಟೋ ಸಲ ಕಥೆ ಇಲ್ಲಿಗೇ ಮುಗಿಯುತ್ತದೆ. ಆದರೆ ಅಲ್ಲಿ ಏನನ್ನೇ ಕೆದಕುವ ಮುಂಚೆ, ವಿಂಡೋಸಿನ ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ ಇದ್ದರೆ, ಅದರ 48 ಅಂಕಿಯ ರಿಕವರಿ ಕೀ ಕಾಗದದ ಮೇಲೆ ಬರೆದಿಟ್ಟುಕೊಳ್ಳಿ.

ಹೆಸರೇ ಇಲ್ಲವೆಂದಾದರೆ ಉಬುಂಟುವಿನ ಲೈವ್ ಪೆನ್‌ಡ್ರೈವ್ (ಡಿಸ್ಕಿನ ಹಂಗಿಲ್ಲದೆ ಅದರಿಂದಲೇ ಉಬುಂಟು ಓಡುವಂಥದ್ದು) ಬೇಕು. 16 ಜಿಬಿ ಧಾರಾಳ. ಸ್ಟೇಷನ್ ಹೊರಗೆ ಮುನ್ನೂರು ರೂಪಾಯಿಗೆ ಸಿಗುವ "1 ಟಿಬಿ" ಪೆನ್‌ಡ್ರೈವ್ ಮುಟ್ಟಲೇಬೇಡಿ. ಅದರೊಳಗೆ 1 ಟಿಬಿ ಇರುವುದಿಲ್ಲ.

ಎಲ್ಲರೂ ಎಡವುವುದು ಇನ್ನು ಮುಂದೆ. ಬೂಟ್ ಮೆನುವಿನಲ್ಲಿ ಒಂದೇ ಪೆನ್‌ಡ್ರೈವ್ ಎರಡು ಸಲ ಕಾಣಬಹುದು. ಯುಇಎಫ್‌ಐ (ಯಂತ್ರವನ್ನು ಎಬ್ಬಿಸುವ ಹೊಸ ವಿಧಾನ; ಹಳೆಯದು ಬಯಾಸ್) ಎಂದು ಬರೆದಿರುವುದನ್ನೇ ಆರಿಸಿ. ಒಳಗೆ ಹೋದ ಮೇಲೆ ಟರ್ಮಿನಲ್‌ನಲ್ಲಿ /ಸಿಸ್/ಫರ್ಮ್‌ವೇರ್/ಇಎಫ್‌ಐ ಫೋಲ್ಡರ್ ಇದೆಯೇ ನೋಡಿ. ಇಲ್ಲದಿದ್ದರೆ ನೀವು ಹಳೇ ಬಯಾಸ್ ದಾರಿಯಲ್ಲಿ ಬಂದಿದ್ದೀರಿ. ಅಲ್ಲಿಂದ ಗ್ರಬ್ ಹಾಕಿದರೆ ಅದೂ ಹಳೇ ನಮೂನೆಯದ್ದೇ ಆಗುತ್ತದೆ, ಯಂತ್ರ ಅದನ್ನು ಕಣ್ಣೆತ್ತಿಯೂ ನೋಡುವುದಿಲ್ಲ. ರೀಸ್ಟಾರ್ಟ್ ಮಾಡಿ ಸರಿಯಾದ ದಾರಿಯಲ್ಲಿ ಬನ್ನಿ.

ಇನ್ನು 'ಎಲ್‌ಎಸ್‌ಬಿಎಲ್‌ಕೆ -ಎಫ್' ಕೊಟ್ಟರೆ ಪಾರ್ಟಿಶನ್‌ಗಳ ಪಟ್ಟಿ ಬರುತ್ತದೆ. ಇಎಕ್ಸ್‌ಟಿ4 ಎಂದಿರುವ ದೊಡ್ಡದು ನಿಮ್ಮ ಲಿನಕ್ಸ್. ವಿಫ್ಯಾಟ್ ಎಂದಿರುವ, 100 ಎಂಬಿಯಷ್ಟೋ ಸ್ವಲ್ಪ ಜಾಸ್ತಿಯೋ ಇರುವ ಚಿಕ್ಕದು ಇಎಫ್‌ಐ ಪಾರ್ಟಿಶನ್. ವಿಂಡೋಸನ್ನು ಎಬ್ಬಿಸುವ ಫೈಲುಗಳೂ ಇದರೊಳಗೇ ಇವೆ. ಇಷ್ಟು ಚಿಕ್ಕದಕ್ಕೆ ಏನು ಬೆಲೆ ಎಂದು ಫಾರ್ಮ್ಯಾಟ್ ಮಾಡಿದರೆ ಎರಡೂ ಕೈಬಿಟ್ಟವು.

ಇವೆರಡನ್ನೂ ಮೌಂಟ್ ಮಾಡುವಾಗ, ಅಂದರೆ ಫೋಲ್ಡರಿಗೆ ಜೋಡಿಸುವಾಗ, ಕ್ರಮ ತಪ್ಪಬಾರದು. ಮೊದಲು ಲಿನಕ್ಸನ್ನು /ಎಂಎನ್‌ಟಿ ಮೇಲೆ, ಆಮೇಲೆ ಇಎಫ್‌ಐಯನ್ನು /ಎಂಎನ್‌ಟಿ/ಬೂಟ್/ಇಎಫ್‌ಐ ಮೇಲೆ. ಹಿಂದುಮುಂದಾದರೆ ಎರಡನೆಯದು ಮೊದಲನೆಯದನ್ನು ಮುಚ್ಚಿಬಿಡುತ್ತದೆ, ಗ್ರಬ್ "ಇಎಫ್‌ಐ ಡೈರೆಕ್ಟರಿ ಸಿಗಲಿಲ್ಲ" ಎಂದು ತಕರಾರು ತೆಗೆಯುತ್ತದೆ. ಲೈವ್ ಉಬುಂಟುವಿನ ಡೆವ್, ಪ್ರೊಕ್, ಸಿಸ್, ರನ್ ಈ ನಾಲ್ಕು ಫೋಲ್ಡರುಗಳನ್ನೂ /ಎಂಎನ್‌ಟಿ ಒಳಗೆ ಜೋಡಿಸಬೇಕು. ಸಾದಾ ಬೈಂಡ್ ಬೇಡ, 'ಆರ್‌ಬೈಂಡ್' ಬಳಸಿ. ಇಲ್ಲವಾದರೆ ಬೂಟ್ ಪಟ್ಟಿಗೆ ದಾರಿಯಾದ ಇಎಫ್‌ಐವಾರ್ಸ್ ಸಿಸ್ ಜೊತೆ ಬರುವುದಿಲ್ಲ, ಬೂಟ್ ಪಟ್ಟಿಯಲ್ಲಿ ಹೆಸರು ಬರೆಯಲು ಗ್ರಬ್‌ಗೆ ಆಗುವುದಿಲ್ಲ.

ಉಳಿದದ್ದು ಸಲೀಸು: 'ಸಿಎಚ್‌ರೂಟ್' (ಡಿಸ್ಕಿನ ಲಿನಕ್ಸಿನೊಳಗೆ ಹೋಗಲು), 'ಗ್ರಬ್-ಇನ್‌ಸ್ಟಾಲ್' (ಗ್ರಬ್ ಹಾಕಲು), 'ಅಪ್‌ಡೇಟ್-ಗ್ರಬ್' (ಅದರ ಮೆನು ಹೊಸದಾಗಿ ಬರೆಯಲು). ಇದು ಉಬುಂಟು, ಮಿಂಟ್, ಡೆಬಿಯನ್ ಎಂಬ ಲಿನಕ್ಸ್ ಬಗೆಗಳಿಗೆ. ಫೆಡೋರಾದವರು ಯುಇಎಫ್‌ಐ ಯಂತ್ರದಲ್ಲಿ ಗ್ರಬ್-ಇನ್‌ಸ್ಟಾಲ್ ಓಡಿಸಬಾರದು, ಗ್ರಬ್ ಮತ್ತು ಶಿಮ್ (ಗ್ರಬ್‌ಗಿಂತ ಮೊದಲು ಓಡಿ ಅದನ್ನು ಎಬ್ಬಿಸುವ ಪ್ರೋಗ್ರಾಮ್) ಪ್ಯಾಕೇಜುಗಳನ್ನೇ ಮರುಸ್ಥಾಪಿಸಬೇಕು. ಒಂದೇ ಕ್ಲಿಕ್ಕಿನ ಬೂಟ್-ರಿಪೇರ್ ಇದೆಯಲ್ಲ ಎನ್ನುವಿರಿ. ಇದೆ, ಆದರೆ ಅದು ಏನೇನು ಬದಲಿಸಿತೆಂದು ಆಮೇಲೆ ಹುಡುಕುವ ತಾಳ್ಮೆ ನನಗಿಲ್ಲ.

ಮೆನುವಿನಲ್ಲಿ ಉಬುಂಟು ಬಂದು ವಿಂಡೋಸ್ ಮಾಯವಾದರೆ ಗಾಬರಿ ಬೇಡ. 2021ರಲ್ಲಿ ಬಂದ ಗ್ರಬ್ 2.06ರಿಂದ ಬೇರೆ ಸಿಸ್ಟಮ್‌ಗಳನ್ನು ಹುಡುಕುವ ಓಎಸ್-ಪ್ರೋಬರ್ ತಾನಾಗಿ ಓಡುವುದಿಲ್ಲ. /ಇಟಿಸಿ/ಡಿಫಾಲ್ಟ್/ಗ್ರಬ್ ಫೈಲಿನಲ್ಲಿ ಗ್ರಬ್_ಡಿಸೇಬಲ್_ಓಎಸ್_ಪ್ರೋಬರ್ ಎಂಬುದಕ್ಕೆ 'ಫಾಲ್ಸ್' ಕೊಟ್ಟು, ಇನ್ನೊಮ್ಮೆ ಅಪ್‌ಡೇಟ್-ಗ್ರಬ್ ಓಡಿಸಿ.